ಒಕ್ಕಣೆ ಯಂತ್ರದವರು ಮಾಡಿದ ವಾಷಿಂಗ್ ಮಷಿನ್

ಹಳೇ ವಾಷಿಂಗ್ ಮಷಿನ್ ಕಂಪನಿಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅಮೆರಿಕದ ಮೇಟ್ಯಾಗ್ ಕತೆ. 1893ರಲ್ಲಿ ಅಯೋವಾ ರಾಜ್ಯದ ನ್ಯೂಟನ್ ಅನ್ನೋ ಸಣ್ಣ ಊರಿನಲ್ಲಿ ಶುರುವಾದಾಗ ಈ ಕಂಪನಿಗೂ ಬಟ್ಟೆಗೂ ಸಂಬಂಧವೇ ಇರಲಿಲ್ಲ. ಸಿವುಡಿನ ಕಟ್ಟು ಕತ್ತರಿಸಿ ಒಕ್ಕಣೆ ಯಂತ್ರದ ಬಾಯಿಗೆ ಕೊಡುವ ಉಪಕರಣ ಮಾಡುತ್ತಿದ್ದರು. ಸುಗ್ಗಿ ಮುಗಿದರೆ ವ್ಯಾಪಾರವೂ ಮುಗೀತು. ಉಳಿದ ತಿಂಗಳು ಕಾರ್ಖಾನೆ ಸುಮ್ನೆ ಕೂರಬಾರದು ಅಂತ ಎಫ್. ಎಲ್. ಮೇಟ್ಯಾಗ್ 1907ರಲ್ಲಿ ಮರದ ತೊಟ್ಟಿಯ, ಕೈಯಲ್ಲೇ ತಿರುಗಿಸುವ 'ಪಾಸ್‌ಟೈಮ್' ಮಷಿನ್ ಮಾರೋಕೆ ತಂದರು.

ಆಮೇಲೆ ಕರೆಂಟ್ ಮೋಟಾರೂ ಬಂತು. ಆದರೆ ಇವರ ಗಿರಾಕಿಗಳು ರೈತರು, ಅವರ ಮನೆಗಳಿಗೆ ಕರೆಂಟೇ ಇರಲಿಲ್ಲ. 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಹಾಗಾಗಿ ಮೇಟ್ಯಾಗ್ ತೊಟ್ಟಿಯ ಕೆಳಗೆ ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿತು. ಅದರ ಹೆಸರು ಮಲ್ಟಿ-ಮೋಟಾರ್. ಮುಂದೆ ಬಂದ ಎಂಜಿನ್‌ಗಳಲ್ಲಿ ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕಬೇಕಿತ್ತು, ಪೆಡಲ್ ತುಳಿದು ಸ್ಟಾರ್ಟ್ ಮಾಡಬೇಕಿತ್ತು, ಥೇಟ್ ಹಳೇ ಸ್ಕೂಟರ್ ಥರ! ಹೊಗೆ ಮನೆಯೊಳಗೆ ತುಂಬದ ಹಾಗೆ ಬಗ್ಗುವ ಲೋಹದ ಕೊಳವೆಯೊಂದನ್ನು ಬಾಗಿಲಾಚೆ ಎಳೆದಿಡುತ್ತಿದ್ದರು.

ನಿಜವಾದ ಜಾಣತನ ಕಾಣುವುದು ಮೇಟ್ಯಾಗ್ 1922ರಲ್ಲಿ ತಂದ 'ಜೈರಾಫೋಮ್' ಮಷಿನ್‌ನಲ್ಲಿ. ಅದಕ್ಕೂ ಮುಂಚಿನ ಎಷ್ಟೋ ಮಷಿನ್‌ಗಳಲ್ಲಿ ಮುಚ್ಚಳದಿಂದ ಇಳಿಬಿದ್ದ ಮರದ ಗೂಟಗಳು ಬಟ್ಟೆಯನ್ನು ಸಿಕ್ಕಿಸಿಕೊಂಡು ಅತ್ತಿತ್ತ ಎಳೆದಾಡುತ್ತಿದ್ದವು. ಬಟ್ಟೆ ಸವೆಯೋದು, ಹರಿಯೋದು ಜಾಸ್ತಿ. ಮೇಟ್ಯಾಗ್‌ನ ಹವರ್ಡ್ ಸ್ನೈಡರ್ ಇದನ್ನು ತಲೆಕೆಳಗು ಮಾಡಿದರು. ನೀರು ಕಲಕುವ, ರೆಕ್ಕೆಗಳಿರುವ ಅಜಿಟೇಟರನ್ನು ತೊಟ್ಟಿಯ ತಳದಲ್ಲಿಟ್ಟರು. ಅದು ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುಗುವಾಗ ನೀರನ್ನು ರಭಸವಾಗಿ ತಳ್ಳುತ್ತದೆ, ಆ ಸೋಪಿನ ನೀರು ನೂಲಿನ ಸಂದಿಗಳಲ್ಲಿ ಮತ್ತೆ ಮತ್ತೆ ನುಗ್ಗಿ ಕೊಳೆಯನ್ನು ಬಿಡಿಸುತ್ತದೆ. ಸೋಪು ಜಿಡ್ಡನ್ನು ಸಡಿಲ ಮಾಡುತ್ತೆ, ಅದನ್ನು ಬಟ್ಟೆಯಿಂದ ದೂರ ಒಯ್ಯೋದು ಈ ನೀರಿನ ಓಟ. ನಮ್ಮ ಮನೆಗಳ ಸೆಮಿ-ಆಟೋಮ್ಯಾಟಿಕ್ ಮಷಿನ್ ತಳದಲ್ಲಿ ತಿರುಗುವ ಪಲ್ಸೇಟರ್ ಬಿಲ್ಲೆ ನೋಡಿದ್ದೀರಲ್ವಾ? ಅದೂ ಇದೇ ಬಗೆಯ ಯೋಚನೆ. ಜೈರಾಫೋಮ್ ಎಷ್ಟು ಓಡಿತು ಅಂದರೆ ಕಂಪನಿ ಕೃಷಿ ಉಪಕರಣಗಳನ್ನೇ ಕೈಬಿಟ್ಟಿತು.

ಬಟ್ಟೆ ಹಿಂಡಲು ತೊಟ್ಟಿಯ ಮೇಲೆ ಎರಡು ರಬ್ಬರ್ ರೋಲರ್‌ಗಳಿರುತ್ತಿದ್ದವು. ಇದು ಅಪಾಯದ ಭಾಗ. ಮಕ್ಕಳ ಬೆರಳು ಸಿಕ್ಕಿದರೆ ಮೊಣಕೈವರೆಗೂ ಎಳೆದುಕೊಳ್ಳುತ್ತಿತ್ತು, ಆ ಗಾಯಕ್ಕೆ ವೈದ್ಯರು ಬೇರೆಯದೇ ಹೆಸರಿಟ್ಟಿದ್ದರು. ರೋಲರ್ ತಕ್ಷಣ ಸಡಿಲವಾಗುವ ಹಿಡಿಕೆಗಳು ಬಂದಿದ್ದು ಇದಕ್ಕೇ.

1937ರಲ್ಲಿ ಬೆಂಡಿಕ್ಸ್ ಕಂಪನಿ ತಾನೇ ನೀರು ತುಂಬಿ, ಒಗೆದು, ಹಿಂಡುವ ಮಷಿನ್ ತೋರಿಸಿತು. ಅದು ಎಷ್ಟು ಅದುರುತ್ತಿತ್ತು ಅಂದರೆ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಮೇಟ್ಯಾಗ್ ಕೂಡ 1949ರಲ್ಲಿ ಆಟೋಮ್ಯಾಟಿಕ್ ತಂದಿತು. ಹಾಗಿದ್ದೂ ರೋಲರ್ ಮಷಿನ್ ಮಾಡುವುದನ್ನು 1983ರವರೆಗೂ ನಿಲ್ಲಿಸಲಿಲ್ಲ. ಕಾರಣ ಇದೆ: ಒಂದೇ ತೊಟ್ಟಿ ಸೋಪು ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಹೊಲದ ಕೆಲಸದ ಬಟ್ಟೆ ಒಗೆಯಬಹುದಿತ್ತು. ನೀರಿಗೆ ಕಷ್ಟವಿದ್ದ ಮನೆಗಳಿಗೆ ಅದಕ್ಕಿಂತ ಇನ್ನೇನು ಬೇಕು?

2006ರಲ್ಲಿ ವರ್ಲ್‌ಪೂಲ್ ಮೇಟ್ಯಾಗನ್ನು ಕೊಂಡಿತು, ಮರುವರ್ಷ ನ್ಯೂಟನ್ ಕಾರ್ಖಾನೆಗೆ ಬೀಗ ಬಿತ್ತು. ಆ ಪುಟ್ಟ ಎಂಜಿನ್‌ಗಳನ್ನು ಮಾತ್ರ ಸಂಗ್ರಾಹಕರು ಇವತ್ತಿಗೂ ರಿಪೇರಿ ಮಾಡಿ ಓಡಿಸುತ್ತಾರೆ.