ಒಂದೇ ಹೆಜ್ಜೆ ನೋಡಿ ಹುಲಿ ಅನ್ನಬೇಡಿ

ಕಾಡಂಚಿನ ಊರುಗಳಿಂದ ನನ್ನ ಫೋನಿಗೆ ಬರುವ ಫೋಟೋಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಒದ್ದೆ ಮಣ್ಣು, ಅದರ ನಡುವೆ ಒಂದೇ ಒಂದು ಹೆಜ್ಜೆ, ಕೆಳಗೆ ಪ್ರಶ್ನೆ: "ಸರ್, ಇದು ಹುಲಿನಾ, ಚಿರತೆನಾ?" ಅಳತೆಗೆ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವೂ ಇರುವುದಿಲ್ಲ. ಆ ಹೆಜ್ಜೆ ಮೂರು ಇಂಚಿನದೋ ಆರು ಇಂಚಿನದೋ ಹೇಳುವುದು ಹೇಗೆ? ಇಂಥವುಗಳಲ್ಲಿ ಬಹಳಷ್ಟು ನಾಯಿಯ ಹೆಜ್ಜೆಗಳೇ. ಆದರೆ ನಾನು ಉತ್ತರ ಕೊಡುವಷ್ಟರಲ್ಲಿ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹುಲಿ ಬಂದಾಗಿರುತ್ತದೆ. ಕೂಲಿಯವರು ತೋಟಕ್ಕೆ ಇಳಿಯುವುದಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಲು ಹೆದರುತ್ತಾರೆ.

ಇದರ ಉಲ್ಟಾ ಕೂಡ ಆಗುತ್ತದೆ. ನಿಜವಾದ ಚಿರತೆಯ ಹೆಜ್ಜೆಯನ್ನು ಯಾರೋ ಒಬ್ಬರು "ಸುಮ್ನೆ ನಾಯಿ ಕಣ್ರೀ" ಅಂತ ತಳ್ಳಿಹಾಕುತ್ತಾರೆ. ಮರುದಿನ ಕೊಟ್ಟಿಗೆಯಲ್ಲಿ ಕರು ಇರುವುದಿಲ್ಲ. ಹೆಜ್ಜೆ ಓದುವುದನ್ನು ಕಾಡಿನ ವಾಚರುಗಳಿಗೂ ತೋಟದ ಕೆಲಸಗಾರರಿಗೂ ಹೇಳಿಕೊಡುವುದು ನನ್ನ ಕೆಲಸದ ಭಾಗ. ಅಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು. ಒಂದು ಹೆಜ್ಜೆಯ ಮುಂದೆ ಕೂತುಬಿಡಬೇಡಿ. ಅದರ ಹಿಂದಿನದು, ಮುಂದಿನದು ಹುಡುಕಿ. ಪ್ರಾಣಿ ಎಲ್ಲಿಂದ ಬಂತು, ಹೇಗೆ ನಡೆಯಿತು, ಎಲ್ಲಿ ನಿಂತಿತು ನೋಡಿ. ಒಂಟಿ ಹೆಜ್ಜೆ ಮೋಸ ಮಾಡುತ್ತದೆ. ಹೆಜ್ಜೆಗಳ ಸಾಲು ಮೋಸ ಮಾಡುವುದು ತುಂಬಾ ಕಡಿಮೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆಗೇ ಬರೋಣ. ನಾಯಿಯೋ, ಬೆಕ್ಕಿನ ಜಾತಿಯೋ? ಎರಡಕ್ಕೂ ನೆಲದ ಮೇಲೆ ನಾಲ್ಕೇ ಬೆರಳು ಮೂಡುತ್ತವೆ. ಹಾಗಾಗಿ ಬೆರಳು ಎಣಿಸಿ ಉಪಯೋಗವಿಲ್ಲ. ಹುಲಿ, ಚಿರತೆ, ಕಾಡುಬೆಕ್ಕುಗಳು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ನಾಯಿ, ನರಿ, ತೋಳ, ಸೀಳುನಾಯಿಗಳ ಉಗುರು ಸದಾ ಹೊರಗೇ ಇರುತ್ತದೆ. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಇದೊಂದನ್ನೇ ನಂಬಿದರೆ ಎಡವುತ್ತೀರಿ. ಗಟ್ಟಿ ನೆಲದಲ್ಲಿ ನಾಯಿಯ ಉಗುರೂ ಮೂಡದೆ ಹೋಗಬಹುದು. ಜಾರುವ ಕೆಸರಿನಲ್ಲಿ, ಅಥವಾ ಓಡುವಾಗ, ಹುಲಿಯೂ ಉಗುರು ಊರುತ್ತದೆ.

ನಾನು ಮೊದಲು ನೋಡುವುದು ಅಂಗಾಲಿನ ಮೆತ್ತೆಯನ್ನು. ಬೆರಳುಗಳ ಹಿಂದೆ ಒತ್ತಿದ ದೊಡ್ಡ ಗುರುತು ಅದು. ಬೆಕ್ಕಿನ ಜಾತಿಯಲ್ಲಿ ಬೆರಳುಗಳಿಗೆ ಹೋಲಿಸಿದರೆ ಅದು ತುಂಬಾ ದೊಡ್ಡದು, ಅದರ ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬುಗಳಿರುತ್ತವೆ. ನಾಯಿಯದ್ದು ಚಿಕ್ಕದು, ಸುಮಾರಾಗಿ ತ್ರಿಕೋನ. ಇನ್ನೊಂದು ಗುರುತು ಬೆರಳುಗಳ ಜೋಡಣೆ. ನಾಯಿಯ ಹೆಜ್ಜೆಯ ನಡುವೆ ಉದ್ದಕ್ಕೆ ಗೆರೆ ಎಳೆದರೆ ಎಡಕ್ಕೂ ಬಲಕ್ಕೂ ಒಂದೇ ಸಮ ಇರುತ್ತದೆ. ಬೆಕ್ಕಿನ ಜಾತಿಯಲ್ಲಿ ನಡುವಿನ ಎರಡು ಬೆರಳುಗಳಲ್ಲಿ ಒಂದು ಸ್ವಲ್ಪ ಮುಂದಿರುತ್ತದೆ, ನಮ್ಮ ಕೈಯ ನಡುಬೆರಳಿನ ಹಾಗೆ. ಅದು ಯಾವ ಕಡೆ ಇದೆ ಅಂತ ನೋಡಿದರೆ ಎಡಗಾಲೋ ಬಲಗಾಲೋ ಅನ್ನುವುದೂ ಗೊತ್ತಾಗುತ್ತದೆ.

ಒಂದು ಕಡ್ಡಿ ತೆಗೆದುಕೊಂಡು ನೀವೇ ಪರೀಕ್ಷೆ ಮಾಡಬಹುದು. ಹೆಜ್ಜೆಗೆ ತಾಗಿಸದೆ, ಮೇಲೆ ಹಿಡಿದು, ಬೆರಳುಗಳ ಮತ್ತು ಮೆತ್ತೆಯ ಸಂದಿಯಲ್ಲಿ ಗುಣಾಕಾರದ ಗುರುತು ಬರುತ್ತದಾ ನೋಡಿ. ನಾಯಿಯ ಹೆಜ್ಜೆಯಲ್ಲಿ ಸಲೀಸಾಗಿ ಬರುತ್ತದೆ. ಬೆಕ್ಕಿನ ಜಾತಿಯಲ್ಲಿ ಮೆತ್ತೆ ಅಡ್ಡ ಬರುತ್ತದೆ.

ಬೆಕ್ಕಿನ ಜಾತಿ ಅಂತ ಖಾತ್ರಿಯಾದ ಮೇಲೆ ಅಳತೆ. ಚಿರತೆಯ ಹೆಜ್ಜೆ ಸಾಮಾನ್ಯವಾಗಿ 7ರಿಂದ 9 ಸೆಂ.ಮೀ. ಅಗಲ. ಬೆಳೆದ ಹುಲಿಯದ್ದು 12 ಸೆಂ.ಮೀ.ಗಿಂತ ಜಾಸ್ತಿ, ದೊಡ್ಡ ಗಂಡಿನ ಮುಂಗಾಲು 14 ದಾಟಬಹುದು. ತೊಂದರೆ ಇರುವುದು ನಡುವೆ. ದೊಡ್ಡ ಗಂಡು ಚಿರತೆಯದ್ದೂ ಹುಲಿಮರಿಯದ್ದೂ ಅಳತೆಯಲ್ಲಿ ಹತ್ತಿರ ಹತ್ತಿರ ಬರುತ್ತವೆ. ಆಗ ಸುತ್ತ ನೋಡಬೇಕು. ಆ ವಯಸ್ಸಿನ ಹುಲಿಮರಿ ಒಂಟಿಯಾಗಿ ತಿರುಗುವುದಿಲ್ಲ. ತಾಯಿಯ ದೊಡ್ಡ ಹೆಜ್ಜೆ ಅದೇ ದಾರಿಯಲ್ಲಿ ಎಲ್ಲೋ ಇದ್ದೇ ಇರುತ್ತದೆ. ಹತ್ತಾರು ಮಾರು ನಡೆದು ನೋಡಿದರೂ ಅಂಥದ್ದು ಸಿಗದಿದ್ದರೆ ಅದು ಚಿರತೆ ಅನ್ನುವುದಕ್ಕೆ ಬಲ ಬರುತ್ತದೆ. ಕಬ್ಬಿನ ಗದ್ದೆಯ ನಾಡಿನಲ್ಲಿ, ಮಂಡ್ಯ, ಮೈಸೂರು ಕಡೆ, ಇದು ನೆನಪಿರಲಿ. ಅಲ್ಲಿ ಚಿರತೆಗಳು ಗದ್ದೆಯೊಳಗೇ ಮರಿ ಹಾಕುತ್ತವೆ. ಚಿಕ್ಕ ಹೆಜ್ಜೆ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಅಂತಲೇ ಲೆಕ್ಕ.

ಕೆಸರಿನಲ್ಲಿ ಅಳೆಯಬೇಡಿ. ಮೆತ್ತನೆಯ ಕೆಸರಿನಲ್ಲಿ ಬೆರಳುಗಳು ಹರಡಿಕೊಂಡು ಚಿರತೆಯ ಹೆಜ್ಜೆಯೂ ಹುಲಿಯದ್ದಾಗಿ ಕಾಣುತ್ತದೆ. ಒಣಗುವಾಗ ಅಂಚು ಒಡೆದು ಇನ್ನೂ ದೊಡ್ಡದಾಗುತ್ತದೆ. ಗಟ್ಟಿ ನೆಲದ ಮೇಲೆ ತೆಳುವಾಗಿ ಸಣ್ಣ ಧೂಳು ಕೂತ ಕಾಡುದಾರಿಯಲ್ಲಿ ಸಿಗುವ ಹೆಜ್ಜೆಯೇ ನಂಬಿಕೆಗೆ ಅರ್ಹ. ಇನ್ನೂ ಒಂದು ವಿಷಯ. ಹುಲಿ, ಚಿರತೆ ಆರಾಮಾಗಿ ನಡೆಯುವಾಗ ಮುಂಗಾಲು ಇಟ್ಟ ಜಾಗದ ಮೇಲೋ ಅದರ ಪಕ್ಕಕ್ಕೋ ಹಿಂಗಾಲು ಬೀಳುತ್ತದೆ. ಎರಡು ಹೆಜ್ಜೆ ಒಂದರ ಮೇಲೊಂದು ಕೂತು ಒಂದೇ ದೊಡ್ಡ ಹೆಜ್ಜೆ ಅನ್ನಿಸುತ್ತದೆ. ಬೆರಳುಗಳು ನಾಲ್ಕಕ್ಕಿಂತ ಜಾಸ್ತಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಬಯಲುಸೀಮೆಯವರಿಗೆ ಬೇರೆ ಮಾತು ಹೇಳಬೇಕು. ಕೊಪ್ಪಳ, ಬಳ್ಳಾರಿ, ತುಮಕೂರಿನ ಕಲ್ಲುಗುಡ್ಡಗಳ ಹತ್ತಿರ ನಾಯಿಯಂಥದ್ದೇ ಆದರೆ ವಿಚಿತ್ರವಾದ ಹೆಜ್ಜೆ ಕಂಡರೆ ಮುಂಗಾಲು ಹಿಂಗಾಲು ಎರಡನ್ನೂ ಹುಡುಕಿ ಅಳೆಯಿರಿ. ಮುಂಗಾಲಿನದು ಎದ್ದು ಕಾಣುವಷ್ಟು ದೊಡ್ಡದಿದ್ದು, ಉಗುರು ಮೊಂಡಾಗಿ ಮೂಡಿದ್ದರೆ ಅದು ಕತ್ತೆಕಿರುಬ. ಅದರ ಮೈಯ ಭಾರವೆಲ್ಲ ಮುಂದಕ್ಕೇ ಇರುವುದು ಹೆಜ್ಜೆಯಲ್ಲೇ ತಿಳಿಯುತ್ತದೆ. ಸತ್ತ ದನ ತಿಂದು ಬದುಕುವ ಈ ಪ್ರಾಣಿಯನ್ನು ಜನ ಚಿರತೆ ಅಂದುಕೊಂಡು ಬೆನ್ನಟ್ಟುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದೇ ಸೀಮೆಯ ಇನ್ನೊಂದು ಹೆಜ್ಜೆ ಕರಡಿಯದ್ದು. ದರೋಜಿ ಸುತ್ತಮುತ್ತಲಿನವರಿಗೆ ಇದು ಚೆನ್ನಾಗಿ ಗೊತ್ತು. ಬೇರೆ ಕಡೆಯವರು ಬೆಚ್ಚಿಬೀಳುತ್ತಾರೆ. ಹಿಂಗಾಲಿನ ಗುರುತು ಬರಿಗಾಲಿನ ಮನುಷ್ಯನದ್ದೇ ಅನ್ನಿಸುತ್ತದೆ, ಹಿಮ್ಮಡಿ ಸಮೇತ. ಕಾಡಿನಲ್ಲಿ ಯಾರೋ ಓಡಾಡುತ್ತಿದ್ದಾರೆ ಎಂಬ ಕಥೆಗಳು ಹುಟ್ಟುವುದು ಇದರಿಂದಲೇ. ಐದು ಬೆರಳು ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿದ್ದು, ಮುಂಗಾಲಿನ ಉಗುರಿನ ಗುರುತುಗಳು ಬೆರಳಿನಿಂದ ಬಹಳ ಮುಂದಕ್ಕೆ ಚುಚ್ಚಿದ್ದರೆ ಕರಡಿಯೇ. ಹತ್ತಿರದಲ್ಲಿ ಅಗೆದ ಗೆದ್ದಲಿನ ಹುತ್ತ ಸಿಕ್ಕರೆ ಅನುಮಾನವೇ ಬೇಡ. ಬೆಳಗಿನ ಹೊತ್ತು ಅಂಥ ಹುತ್ತ ಹಸಿಯಾಗಿ ಕಂಡರೆ ಅಲ್ಲಿಂದ ಸದ್ದು ಮಾಡುತ್ತಾ ವಾಪಸ್ ಬನ್ನಿ. ಕರಡಿ ದಿಢೀರ್ ಎದುರಾದಾಗಲೇ ಅಪಾಯ ಜಾಸ್ತಿ.

ಗೊರಸಿನ ಪ್ರಾಣಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಜಿಂಕೆಯ ಗೊರಸಿನ ಗುರುತು ಸುಮಾರು ಎರಡು ಇಂಚು, ಚೂಪು. ಕಡವೆಯದ್ದು ಮೂರು ಇಂಚಿನ ಆಸುಪಾಸು. ಕಾಡುಹಂದಿಯದ್ದು ಮೊಂಡು ತುದಿಯದ್ದು, ಹಿಂದೆ ಆ ಕಡೆ ಈ ಕಡೆ ಎರಡು ಸಣ್ಣ ಗುರುತುಗಳು ಹೊರಚಾಚಿ ಮೂಡಿರುತ್ತವೆ. ಪಕ್ಕದಲ್ಲೇ ಕೆದರಿದ ಮಣ್ಣು ಇರುತ್ತದೆ. ಕಾಟಿಯ, ಅಂದರೆ ಕಾಡುಕೋಣದ, ಹೆಜ್ಜೆಯನ್ನು ದೊಡ್ಡ ಎತ್ತಿನದರಿಂದ ಒಂದೇ ಗುರುತಿನಲ್ಲಿ ಬೇರೆ ಮಾಡುವುದು ಕಷ್ಟ. ಸಾಲು ಹಿಡಿದು ನಡೆಯಿರಿ. ಊರಿನ ದನದ ಜೊತೆ ಮನುಷ್ಯನ ಹೆಜ್ಜೆಯೂ ಎಲ್ಲೋ ಸಿಗುತ್ತದೆ, ಲಾಳ ಹೊಡೆದ ಎತ್ತಾದರೆ ಲಾಳವೇ ಮೂಡಿರುತ್ತದೆ. ಕಾಟಿಯ ದಾರಿ ಬೇಲಿ ದಾಟಿ ನೇರ ಕಾಡಿಗೆ ಹೋಗುತ್ತದೆ.

ಆನೆಯ ಹೆಜ್ಜೆ ಗುರುತಿಸಲು ಯಾರೂ ನನ್ನನ್ನು ಕೇಳಬೇಕಿಲ್ಲ. ಆದರೆ ಅದರಿಂದ ಎಷ್ಟು ವಿಷಯ ತಿಳಿಯಬಹುದು ಎನ್ನುವುದನ್ನು ಸಕಲೇಶಪುರ, ಆಲೂರು, ಕೊಡಗಿನ ತೋಟದವರೆಲ್ಲ ಕಲಿಯಬೇಕು ಅನ್ನುವುದು ನನ್ನ ಆಸೆ. ದುಂಡಗಿರುವುದು ಮುಂಗಾಲು, ಮೊಟ್ಟೆಯಾಕಾರದ್ದು ಹಿಂಗಾಲು. ಮುಂಗಾಲಿನ ಗುರುತಿನ ಸುತ್ತ ಒಂದು ಹಗ್ಗ ಇಟ್ಟು ಸುತ್ತಳತೆ ತೆಗೆಯಿರಿ. ಅದರ ಎರಡರಷ್ಟು ಆ ಆನೆಯ ಭುಜದ ಎತ್ತರ, ಹೆಚ್ಚುಕಮ್ಮಿ ಸರಿಯಾಗಿ. ಸುತ್ತಳತೆ ನಾಲ್ಕೂವರೆ ಅಡಿ ಬಂತು ಅಂದರೆ ಒಂಬತ್ತು ಅಡಿಯ ಆನೆ. ಅಷ್ಟು ಎತ್ತರ, ಜೊತೆಗೆ ಬೇರೆ ಹೆಜ್ಜೆ ಇಲ್ಲ ಅಂದರೆ ಒಂಟಿ ಸಲಗ ಅಂತ ತಿಳಿಯಬಹುದು. ಪಕ್ಕದಲ್ಲಿ ಊಟದ ತಟ್ಟೆಗಿಂತ ಚಿಕ್ಕ ಗುರುತುಗಳಿದ್ದರೆ ಮರಿ ಇರುವ ಹಿಂಡು. ಎರಡಕ್ಕೂ ಎಚ್ಚರಿಕೆ ಬೇರೆ ಬೇರೆ. ಮರಿ ಇರುವ ಹಿಂಡು ತೋಟದಲ್ಲಿದ್ದರೆ ಅವತ್ತು ಆ ಬ್ಲಾಕಿಗೆ ಆಳುಗಳನ್ನು ಕಳಿಸಲೇಬೇಡಿ. ಉಗುರಿನ ಅರ್ಧಚಂದ್ರದ ಗುರುತು ಯಾವ ಕಡೆ ಇದೆಯೋ ಆನೆ ಆ ಕಡೆ ಹೋಗಿದೆ.

ಹೆಜ್ಜೆ ಯಾವಾಗಿನದು ಅನ್ನುವುದು ಯಾರದು ಅನ್ನುವಷ್ಟೇ ಮುಖ್ಯ. ಬೆಳಿಗ್ಗೆ ಹೋದಾಗ ಗುರುತಿನೊಳಗೆ ಮರದಿಂದ ಇಬ್ಬನಿ ತೊಟ್ಟಿಕ್ಕಿದ ಸಣ್ಣ ಕುಳಿಗಳಿದ್ದರೆ ಪ್ರಾಣಿ ಅದಕ್ಕೂ ಮುಂಚೆ ಹೋಗಿದೆ. ಇಬ್ಬನಿ ಬಿದ್ದ ಮಣ್ಣನ್ನು ತುಳಿದು ಒಣಮಣ್ಣು ಮೇಲೆ ಬಂದಿದ್ದರೆ ಈಗಷ್ಟೇ ಹೋಗಿದೆ. ರಾತ್ರಿ ಹರಿದಾಡುವ ಹುಳುಗಳ ಗೆರೆ ಹೆಜ್ಜೆಯ ಮೇಲೆ ಹಾದಿದ್ದರೆ ಹೆಜ್ಜೆ ಹಳೆಯದು. ಗೆರೆಯನ್ನು ಹೆಜ್ಜೆ ತುಳಿದಿದ್ದರೆ ಹೊಸದು. ರಾತ್ರಿ ಮಳೆ ಎಷ್ಟು ಗಂಟೆಗೆ ನಿಂತಿತು ಅಂತ ಮನೆಯವರನ್ನು ಕೇಳಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಗಡಿಯಾರ ಬೇಕಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆ ಕಡೆಯ ಜೇನುಕುರುಬರು ಇದನ್ನೆಲ್ಲ ನಡೆಯುತ್ತಲೇ ಓದುತ್ತಾರೆ. ಕಾಡಿನಲ್ಲಿ ಸಂಶೋಧನೆ ಮಾಡುವವರು ಅವರಿಂದ ಕಲಿತದ್ದು ಬಹಳ. ಅದನ್ನು ಬಾಯಿಬಿಟ್ಟು ಹೇಳುವವರು ಇನ್ನೂ ಜಾಸ್ತಿಯಾಗಬೇಕು.

ಹೆಜ್ಜೆಯಿಂದ ಹುಲಿಗಳನ್ನು ಎಣಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಹಿಂದೆ ಹಾಗೇ ಎಣಿಸುತ್ತಿದ್ದರು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ 1960ರ ದಶಕದಲ್ಲಿ ಈ ಕ್ರಮ ರೂಪಿಸಿದರು. ಗಾಜಿನ ಹಲಗೆಯ ಮೇಲೆ ಹೆಜ್ಜೆಯ ಅಚ್ಚು ಬರೆದುಕೊಂಡು, ಪ್ರತಿ ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಉದ್ದೇಶ. 1972ರ ಎಣಿಕೆಯಲ್ಲಿ ದೇಶದಲ್ಲಿ 1,827 ಹುಲಿಗಳು ಅಂತ ಲೆಕ್ಕ ಸಿಕ್ಕಿತು. ಆದರೆ ಒಂದೇ ಹುಲಿಯ ಹೆಜ್ಜೆ ಮಣ್ಣು ಬದಲಾದಂತೆ ಬದಲಾಗುತ್ತದೆ. ಅಚ್ಚು ಬರೆಯುವ ಕೈ ಬದಲಾದರೂ ಬದಲಾಗುತ್ತದೆ. ನಮ್ಮವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ಈ ದೋಷ ಎತ್ತಿ ತೋರಿಸಿದರು, ಆಮೇಲೆ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಪಟ್ಟೆ ನೋಡಿ ಎಣಿಸುವುದನ್ನು ಶುರು ಮಾಡಿದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಅನ್ನುವುದು ಬಯಲಾದಾಗ ಹಳೆಯ ಎಣಿಕೆಯ ಮೇಲಿನ ನಂಬಿಕೆಯೇ ಹೋಯಿತು. ಈಗ ಲೆಕ್ಕಕ್ಕೆ ಆಧಾರ ಕ್ಯಾಮೆರಾ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಸಿಕ್ಕ 563 ಎಂಬ ಅಂದಾಜು ಬಂದದ್ದೂ ಹಾಗೆಯೇ.

ಹಾಗಂತ ಹೆಜ್ಜೆಗೆ ಬೆಲೆ ಹೋಗಿಲ್ಲ. ಗಣತಿಯ ಮೊದಲ ಹಂತದಲ್ಲಿ ಅರಣ್ಯ ಸಿಬ್ಬಂದಿ ಪ್ರತಿ ಬೀಟಿನಲ್ಲಿ, ಅಂದರೆ ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ಭಾಗದಲ್ಲಿ, ಹಲವು ಕಿ.ಮೀ. ದಾರಿ ನಡೆದು ಹೆಜ್ಜೆ, ಮಲ, ಕೆರೆದ ಗುರುತು ಹುಡುಕುತ್ತಾರೆ. ಕ್ಯಾಮೆರಾ ಎಲ್ಲಿ ಕಟ್ಟಬೇಕು ಅನ್ನುವುದೂ ಹೆಜ್ಜೆ ನೋಡಿಯೇ ನಿರ್ಧಾರವಾಗುತ್ತದೆ. ಯಾವ ಜಾತಿಯ ಪ್ರಾಣಿ, ಎತ್ತ ಹೋಯಿತು, ಎಷ್ಟು ಹೊತ್ತಾಯಿತು ಎನ್ನುವುದನ್ನು ಹೆಜ್ಜೆ ಹೇಳುತ್ತದೆ. ಯಾವ ಹುಲಿ ಎನ್ನುವುದನ್ನು ಅದರಿಂದ ಹೊರಡಿಸಲು ಹೋಗಬಾರದು, ಅಷ್ಟೇ.

ರೈತರಿಗಂತೂ ಇದು ದುಡ್ಡಿನ ಪ್ರಶ್ನೆಯೂ ಹೌದು. ಕಾಡುಪ್ರಾಣಿ ದನ ಕೊಂದರೆ ಸರ್ಕಾರದ ಪರಿಹಾರ ಉಂಟು. ಬೀದಿನಾಯಿ ಕೊಂದರೆ ಅರಣ್ಯ ಇಲಾಖೆಯಿಂದ ಸಿಗುವುದಿಲ್ಲ. ಸ್ಥಳಕ್ಕೆ ಬಂದವರು ನೋಡುವುದು ಕುತ್ತಿಗೆಯ ಗಾಯ ಮತ್ತು ಸುತ್ತಲಿನ ಹೆಜ್ಜೆ. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ ತಿನ್ನಲು ಶುರು ಮಾಡುತ್ತದೆ, ಚಿರತೆ ಹೊಟ್ಟೆಯ ಕಡೆಯಿಂದ. ನಾಯಿಗಳ ಗುಂಪು ಕಾಲು, ತೊಡೆ, ಬಾಲ ಅಂತ ಸಿಕ್ಕಸಿಕ್ಕಲ್ಲಿ ಕಚ್ಚಿರುತ್ತದೆ. ಆದರೆ ಗಾರ್ಡ್ ಬರುವಷ್ಟರಲ್ಲಿ ಊರೆಲ್ಲ ಸೇರಿ ಸುತ್ತ ತುಳಿದು ಸಾಕ್ಷಿಯನ್ನೇ ಅಳಿಸಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸತ್ತ ದನದ ಸುತ್ತ ದೂರದಲ್ಲೇ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಒಳ್ಳೆಯ ಹೆಜ್ಜೆ ಕಂಡರೆ ಅದರ ಮೇಲೆ ಒಂದು ಬಾಂಡ್ಲಿ ಬೋರಲು ಹಾಕಿ. ಮಳೆ ಬಂದರೂ ಉಳಿಯುತ್ತದೆ.

ಫೋಟೋ ತೆಗೆಯುವಾಗ ಮೊಬೈಲನ್ನು ನೇರ ಮೇಲಿನಿಂದ ಹಿಡಿಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ, ಇಲ್ಲದಿದ್ದರೆ ಪೆನ್ನು ಅಥವಾ ಬೆಂಕಿಪೊಟ್ಟಣ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಹೆಜ್ಜೆಯ ಅಂಚು ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆಯಾಗಿ ಬೀಳುವ ಬೆಳಕಿನಲ್ಲಿ ನೆರಳು ಮೂಡಿ ಎಲ್ಲ ಸ್ಪಷ್ಟವಾಗುತ್ತದೆ. ಹೊತ್ತು ಮೀರಿದ್ದರೆ ಟಾರ್ಚನ್ನು ನೆಲಕ್ಕೆ ತಗ್ಗಿಸಿ ಪಕ್ಕದಿಂದ ಬೆಳಕು ಬಿಡಿ. ಒಂದು ಹೆಜ್ಜೆಯ ಫೋಟೋ ಆದಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಇಡೀ ಸಾಲಿನದ್ದೂ ಒಂದು ತೆಗೆಯಿರಿ. ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು ಆ ಎರಡನೆಯದು.

ಹೆಜ್ಜೆ ಹೊಸದು ಅನ್ನಿಸಿದರೆ ಅದು ಹೋದ ದಿಕ್ಕಿಗೆ ನೀವು ಹೋಗಬೇಡಿ. ನೋಡಲೇಬೇಕು ಅಂದರೆ ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ, ಅದೂ ಇಬ್ಬರಿಗಿಂತ ಜಾಸ್ತಿ ಜನ ಇದ್ದಾಗ, ಪೊದೆಗಳಿಂದ ದೂರ, ತೋಟದ ಗಡಿಯೊಳಗೆ ಮಾತ್ರ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಫೋಟೋವನ್ನು ಊರಿನ ಗ್ರೂಪಿಗೆ ಹಾಕುವ ಮುಂಚೆ ನಿಮ್ಮ ಬೀಟಿನ ಗಾರ್ಡಿಗೆ ಕಳಿಸಿ, ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹೆಜ್ಜೆಯ ಅಗಲ ಎಷ್ಟು, ಯಾವ ಸರ್ವೆ ನಂಬರಿನ ಜಮೀನು, ಯಾವ ಕಡೆಗೆ ಹೋಗಿದೆ, ನೀವು ಕಂಡಾಗ ಎಷ್ಟು ಗಂಟೆ ಆಗಿತ್ತು, ಇಷ್ಟನ್ನು ಹೇಳಿದರೆ ಅವರು ಹೊರಡುವಾಗಲೇ ಬೋನು ಬೇಕೋ, ಕ್ಯಾಮೆರಾ ಸಾಕೋ ಅಂತ ಯೋಚಿಸಿಕೊಂಡು ಬರಬಹುದು.