ಗುಂಯ್ ಎನ್ನುವ ಫಜ್ ಪೆಡಲ್: ಕೀಳುವ ಮೊದಲು ಮೀಟರ್ ಹಚ್ಚಿ

ನಾನು ಮನೆಯಲ್ಲಿ ಮಾಡಿದ್ದು ಫಜ್ ಫೇಸ್ ಸರ್ಕ್ಯೂಟ್, ಗಿಟಾರ್ ದನಿಯನ್ನು ಹಿಗ್ಗಿಸಿ ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ. ಮೂಲ ಪೆಡಲ್ 1966ರಲ್ಲಿ ಲಂಡನ್ನಿನಲ್ಲಿ ಬಂದಿದ್ದು. ಒಳಗೆ ಎರಡೇ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ದನಿ ಹೊಂದಿಸಲು ತಿರುಗಿಸುವ ಎರಡು ಪಾಟ್. ಇಷ್ಟು ಕಡಿಮೆ ಸಾಮಾನಿನಲ್ಲಿ ತಪ್ಪು ಎಲ್ಲಿ ಅಡಗೀತು ಅಂದುಕೊಂಡಿದ್ದೆ. ಮೂರು ಭಾನುವಾರ ಹೋಯಿತು. ಪೆಡಲ್ ಆನ್ ಮಾಡಿದರೆ ಗಿಟಾರ್ ದನಿ ಸಣ್ಣದಾಗುತ್ತಿತ್ತು, ಗುಂಯ್ ಸದ್ದು ದೊಡ್ಡದಾಗುತ್ತಿತ್ತು.

ಸುಮ್ನೆ ಟ್ರಾನ್ಸಿಸ್ಟರ್ ಬದಲಿಸಿದೆ. ಏನೂ ಆಗಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರೇಡಿಯೋ ರಿಪೇರಿ ಮಾಡುವ ಕಾಕಾ ಒಬ್ಬರಿಗೆ ತೋರಿಸಿದೆ.

"ಮೀಟರ್ ಹಚ್ಚಿ ನೋಡಿದೇನಪಾ?"

"ಇಲ್ರೀ ಕಾಕಾ."

"ಮತ್ತ ಯಾಕ ಕಿತ್ತಿದಿ?"

ಅಲ್ಲಿಂದ ಕಲಿತದ್ದು ಇದು.

ದನಿ ಸಣ್ಣದಾದರೆ

ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಎರಡನೇ ಟ್ರಾನ್ಸಿಸ್ಟರಿನ ಮೂರು ಕಾಲಿನಲ್ಲಿ ಒಂದಾದ ಕಲೆಕ್ಟರ್‌ಗೆ. 9 ವೋಲ್ಟ್ ಬ್ಯಾಟರಿ ಇದ್ದರೆ ಅಲ್ಲಿ ಸುಮಾರು 4.5 ವೋಲ್ಟ್ ಬರಬೇಕು. ಅಲೆ ಮೇಲೂ ಹೋಗಬೇಕು, ಕೆಳಗೂ ಇಳಿಯಬೇಕು, ಅದಕ್ಕೆ ನಡುಮಧ್ಯೆ ನಿಂತರೆ ಎರಡೂ ಕಡೆ ಜಾಗ ಸಿಗುತ್ತದೆ. ನನ್ನದರಲ್ಲಿ 2.9 ಇತ್ತು. ಮೂಲ ಪೆಡಲ್ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಹೊಂದಿಸಿದ್ದು. ನಾನು ಹಾಕಿದ್ದು ಸಿಲಿಕಾನಿನ ಬಿಸಿ 547 (BC547). ಕಲೆಕ್ಟರಿಗೆ ಮೂಲದ 8.2 ಕಿಲೋ ಓಮ್ ರೆಸಿಸ್ಟರನ್ನೇ ಇಟ್ಟರೆ ವೋಲ್ಟೇಜ್ ಹೀಗೆ ಕೆಳಗೆ ಕೂರುತ್ತದೆ. ಅದರ ಜಾಗದಲ್ಲಿ 10 ಕಿಲೋ ಟ್ರಿಮ್ಮರ್ (ತಿರುಗಿಸಿ ಓಮ್ ಬದಲಿಸುವ ಪುಟ್ಟ ರೆಸಿಸ್ಟರ್) ಹಾಕಿ, ಮೀಟರ್ ನೋಡುತ್ತಾ ತಿರುಗಿಸಿದೆ. ಸುಮಾರು 6 ಕಿಲೋ ಹತ್ತಿರ 4.5 ಬಂತು. ದನಿ ಸ್ವಚ್ಛವಾಗಿ ಹರಿದು ಬಂತು, ಆದರೂ ಸಣ್ಣದೇ.

ಇಲ್ಲಿ ತಪ್ಪು ನನ್ನದಲ್ಲ, ಸರ್ಕ್ಯೂಟಿನ ಗುಣವೇ ಹಾಗೆ. ಔಟ್‌ಪುಟ್ ನೇರ ಕಲೆಕ್ಟರಿನಿಂದ ಬರುವುದಿಲ್ಲ. 470 ಓಮ್ ಮತ್ತು 8.2 ಕಿಲೋ ರೆಸಿಸ್ಟರ್ ಸೇರುವ ಗಂಟಿನಿಂದ ಬರುತ್ತದೆ. ಮೂಲ ಸರ್ಕ್ಯೂಟಿನ ಒಟ್ಟು 8,670 ಓಮ್‌ನಲ್ಲಿ ನಮಗೆ ಸಿಗುವುದು 470ರ ಪಾಲು ಮಾತ್ರ, ಅಂದರೆ 18ರಲ್ಲಿ ಒಂದು. 470 ತೆಗೆದು 1 ಕಿಲೋ ಹಾಕಿದರೆ ಪಾಲು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಾಕಿದ ಮೇಲೆ ಟ್ರಿಮ್ಮರನ್ನು ಮತ್ತೆ 4.5ಕ್ಕೆ ತರಬೇಕು, ಮರೆಯಬೇಡಿ.

ಇನ್ನೊಂದು ಮಾತು. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904 ಎಂಬ ಇನ್ನೊಂದು ಟ್ರಾನ್ಸಿಸ್ಟರಿನಲ್ಲಿ ಇದು ಉಲ್ಟಾ. ಒಂದರ ಚಿತ್ರ ನೋಡಿ ಇನ್ನೊಂದನ್ನು ಕೂರಿಸಿದರೆ ಟ್ರಾನ್ಸಿಸ್ಟರ್ ಸಾಯುವುದಿಲ್ಲ, ತಿರುಗುಮುರುಗಾಗಿಯೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಅದೇ ಮೋಸ: ಸದ್ದು ಬರುತ್ತದೆ, ಆದರೆ ಬಡಕಲು.

ಜರ್ಮೇನಿಯಂ ಹಾಕಿದರೆ ದನಿ ಇಂಪು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಅದು ಬಿಸಿಯಾದಷ್ಟೂ ಒಳಗೆ ಕರೆಂಟ್ ಸೋರುತ್ತದೆ, ಬೆಳಿಗ್ಗೆ ಹೊಂದಿಸಿದ ವೋಲ್ಟೇಜ್ ಮಧ್ಯಾಹ್ನ ಜಾರುತ್ತದೆ. ನಮ್ಮೂರಿನ ಮೇ ತಿಂಗಳಲ್ಲಿ ಅದನ್ನು ಸಾಕುವುದು ಕಷ್ಟ. ನನಗೆ ಹೆಸರಿನಲ್ಲಷ್ಟೇ 'ಬಿಸಿ' ಇರುವ ಟ್ರಾನ್ಸಿಸ್ಟರ್ ಸಾಕು.

ಗದ್ದಲ ಜಾಸ್ತಿಯಾದರೆ

ಮೊದಲು ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಗುಂಯ್ ನಿಂತರೆ ಅದು ತಂತಿಯ ಕಂಪನ ಹಿಡಿಯುವ ಗಿಟಾರ್ ಪಿಕಪ್‌ನಿಂದ ಬರುತ್ತಿದೆ. ನಿಲ್ಲದಿದ್ದರೆ ಪೆಡಲ್, ಅದರ ಕೇಬಲ್, ಇಲ್ಲವೇ ಆಂಪ್ಲಿಫೈಯರ್ ಕಡೆ ಹುಡುಕಿ.

ನನ್ನದು ನಿಲ್ಲಲಿಲ್ಲ. ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿದೆ, ಅರ್ಧ ಹೋಯಿತು. ಅಗ್ಗದ ಅಡಾಪ್ಟರಿನ ಕೊಳೆಯನ್ನೂ ಪೆಡಲ್ ಗಿಟಾರಿನ ಜೊತೆಗೇ ಹಿಗ್ಗಿಸುತ್ತದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಶುರುವಾದಾಗಂತೂ ಆಂಪ್ಲಿಫೈಯರ್ ಜೇನುಗೂಡೇ. ಆ ಹೊತ್ತಿನಲ್ಲಿ ರಿಪೇರಿಗೆ ಕೂರಬೇಡಿ, ಇಲ್ಲದ ತಪ್ಪು ಹುಡುಕುತ್ತೀರಿ.

ಉಳಿದರ್ಧಕ್ಕೆ ಕಾರಣ ಬೋರ್ಡ್ ಕೂರಿಸಿದ್ದ ಸಾಬೂನಿನ ಪ್ಲಾಸ್ಟಿಕ್ ಡಬ್ಬಿ. ಗೋಡೆಯ ವೈರಿಂಗಿನ 50 ಹರ್ಟ್ಜ್ ಗುಂಯ್‌ಗೆ ಪ್ಲಾಸ್ಟಿಕ್ ತಡೆಯೇ ಅಲ್ಲ. ಅಮ್ಮನ ಹಳೆ ಅಲ್ಯೂಮಿನಿಯಂ ಡಬ್ಬಿಗೆ ಬೋರ್ಡ್ ಸಾಗಿಸಿ, ಡಬ್ಬಿಯನ್ನು ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ಸೇರಿಸಿದೆ. ಈ ಸೇರಿಸುವುದೇ ಮುಖ್ಯ. ಗ್ರೌಂಡ್ ಇಲ್ಲದ ಡಬ್ಬಿ ಬರೀ ಡಬ್ಬಿ.

ಕೀಂ ಎನ್ನುವ ಕೂಗು ಬೇರೆ ಕಾಯಿಲೆ. ಇನ್‌ಪುಟ್ ವೈರ್, ಔಟ್‌ಪುಟ್ ವೈರ್ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದೂರ ಮಾಡಿ, ಗಿಡ್ಡ ಮಾಡಿ.

ಒಂದು ಸಂಜೆ ಪೆಡಲ್ ಒಳಗೆ ಸಣ್ಣಗೆ ಆಕಾಶವಾಣಿ ವಾರ್ತೆ ಕೇಳಿಸಿತು! ಉದ್ದ ವೈರ್ ಏರಿಯಲ್ ಆಗಿ, ಟ್ರಾನ್ಸಿಸ್ಟರ್ ಮೀಡಿಯಂ ವೇವ್ ಅಲೆಯಿಂದ ಮಾತನ್ನು ಬಿಡಿಸಿಕೊಡುತ್ತದೆ. ಮೊದಲ ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರ್ ನಡುವೆ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಕಾಕಾಗೆ ಹೇಳಿದರೆ, "ಗಿಟಾರ್ ಬಿಡು, ರೇಡಿಯೋ ಅಂತೂ ಚಲೋ ಮಾಡಿದಿ" ಅಂದರು.

ಸುಸ್ ಎನ್ನುವ ಸದ್ದು ಮಾತ್ರ ಉಳಿದಿದೆ. ಟ್ರಾನ್ಸಿಸ್ಟರಿನ ಗೇನ್, ಅಂದರೆ ಹಿಗ್ಗಿಸುವ ಶಕ್ತಿ, ಹೆಚ್ಚಿದ್ದರೆ ಸುಸ್ ಕೂಡ ಹಿಗ್ಗುತ್ತದೆ. 'ಸಿ' ಗುರುತಿನ ಬಿಸಿ 547ರ ಗೇನ್ 420ರಿಂದ 800. 'ಎ' ಗುರುತಿನದು 110ರಿಂದ 220. ಮುಂದಿನ ಭಾನುವಾರ ಮೊದಲ ಜಾಗಕ್ಕೆ 'ಎ' ಹಾಕಿ ನೋಡಬೇಕು, ಮೀಟರ್ ಹಚ್ಚಿಕೊಂಡೇ.