ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತರು ಅಂತಲೇ ಲೆಕ್ಕವಾ?

ಪ್ರಶ್ನೆ: ನನ್ನ ಗಂಡ ಮನೆ ಬಿಟ್ಟು ಹೋಗಿ ಏಳು ವರ್ಷ ಕಳೆಯಿತು. ಒಂದು ಫೋನೂ ಇಲ್ಲ. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಖಾತೆ ಬದಲಾಯಿಸಿ ಕೊಡಿ ಎಂದು ಹೋದರೆ ಮರಣ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ. ಏಳು ವರ್ಷ ಆದ ಮೇಲೆ ಅದು ತಾನಾಗಿಯೇ ಸಿಗಬೇಕಲ್ವಾ?

ಈ ಪ್ರಶ್ನೆಯನ್ನು ಬೇರೆ ಬೇರೆಯವರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಹೆಂಡತಿ ಕೇಳುತ್ತಾರೆ, ತಮ್ಮ ಕೇಳುತ್ತಾನೆ, ದೊಡ್ಡವರಾದ ಮಕ್ಕಳು ಕೇಳುತ್ತಾರೆ. ಕೇಳುವ ಮೊದಲು ಬಹಳ ಜನ "ತಪ್ಪು ತಿಳಿಯಬೇಡಿ" ಎನ್ನುತ್ತಾರೆ. ಇದರಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇಲ್ಲ ಅಕ್ಕಾ. ಮಕ್ಕಳ ಫೀಸು ಕಟ್ಟಬೇಕು, ಸೊಸೈಟಿ ಸಾಲ ತೀರಿಸಬೇಕು, ಮನೆ ನಡೆಯಬೇಕು. ಕಾಗದ ಕೇಳಿದ ಮಾತ್ರಕ್ಕೆ ಅವರ ಮೇಲಿನ ಆಸೆ ಬಿಟ್ಟ ಹಾಗೆ ಅಲ್ಲ.

ಉತ್ತರ ಮೊದಲು ಹೇಳಿಬಿಡುತ್ತೇನೆ. ಇಲ್ಲ, ತಾನಾಗಿಯೇ ಏನೂ ಆಗುವುದಿಲ್ಲ. ಏಳು ವರ್ಷ ತುಂಬಿದ ದಿನ ಯಾವ ಕಚೇರಿಯಲ್ಲೂ ನಿಮಗಾಗಿ ಕಾಗದ ತಯಾರಾಗಿರುವುದಿಲ್ಲ. ನೀವು ಕೋರ್ಟಿಗೆ ಹೋಗಲೇಬೇಕು. ಏಳು ವರ್ಷ ಆಗಿದ್ದರೆ ಅಲ್ಲಿ ನಿಮ್ಮ ಕೆಲಸ ಸುಲಭವಾಗುತ್ತದೆ, ಅಷ್ಟೇ.

ಯಾಕೆ ಸುಲಭವಾಗುತ್ತದೆ ಅಂದರೆ, 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅಕ್ಕಪಕ್ಕ ಎರಡು ಸೆಕ್ಷನ್ ಇದ್ದವು, 107 ಮತ್ತು 108. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರಲ್ಲಿ ಇವೇ 110 ಮತ್ತು 111 ಆಗಿವೆ. ನಂಬರ್ ಬದಲಾಯಿತು, ವಿಷಯ ಅದೇ. ಮೊದಲನೆಯದು ಹೇಳುವುದು ಹೀಗೆ: ಒಬ್ಬ ಮನುಷ್ಯ ಕಳೆದ ಮೂವತ್ತು ವರ್ಷದೊಳಗೆ ಬದುಕಿದ್ದ ಎಂದು ತೋರಿಸಿದ್ದರೆ, ಅವನು ಸತ್ತಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಎರಡನೆಯದು ಈ ಭಾರವನ್ನು ತಿರುಗಿಸುತ್ತದೆ. ಬದುಕಿದ್ದರೆ ಯಾರಿಗೆ ಸಹಜವಾಗಿ ಅವನ ಸುದ್ದಿ ಗೊತ್ತಾಗಬೇಕಿತ್ತೋ ಅವರಿಗೆ ಏಳು ವರ್ಷ ಏನೂ ಗೊತ್ತಾಗಿಲ್ಲ ಎಂದಾದರೆ, ಬದುಕಿದ್ದಾನೆ ಎನ್ನುವವರು ಸಾಬೀತು ಮಾಡಬೇಕು. ನೀವು ಮಾಡಬೇಕಿಲ್ಲ.

ಆ "ಯಾರಿಗೆ" ಎಂಬ ಮಾತನ್ನು ಸ್ವಲ್ಪ ಗಮನಿಸಿ. ಜಗಳ ಮಾಡಿಕೊಂಡು ಮುಂಬೈಗೆ ಹೋದವರು ಹೆಂಡತಿಗೆ ಫೋನ್ ಮಾಡದೆ ಅಕ್ಕನಿಗೆ ಮಾತ್ರ ವರ್ಷಕ್ಕೊಮ್ಮೆ ಮಾಡುತ್ತಿದ್ದರೆ ಈ ಏಳು ವರ್ಷದ ನಿಯಮ ಅಲ್ಲಿ ಅನ್ವಯಿಸುವುದಿಲ್ಲ. ಅದಕ್ಕೇ ತಂದೆ ತಾಯಿ, ಒಡಹುಟ್ಟಿದವರು, ಹತ್ತಿರದ ಗೆಳೆಯರು, ಕೆಲಸ ಕೊಟ್ಟಿದ್ದವರು ಎಲ್ಲರನ್ನೂ ಮೊದಲೇ ವಿಚಾರಿಸಿ. ಕೋರ್ಟಿನಲ್ಲಿ ಅವರೇ ನಿಮ್ಮ ಸಾಕ್ಷಿಗಳು.

ಇನ್ನು ಏಳು ವರ್ಷ ಎಣಿಸುವುದು ಯಾವತ್ತಿನಿಂದ? ಕೊನೆಯ ಸುದ್ದಿ ಸಿಕ್ಕ ದಿನದಿಂದ. ಆ ದಿನ ಯಾವುದು ಎಂದು ತೋರಿಸಲು ಪೊಲೀಸ್ ದೂರಿನಷ್ಟು ಗಟ್ಟಿ ಕಾಗದ ಇನ್ನೊಂದಿಲ್ಲ. ಇಲ್ಲೇ ಬಹಳ ಮನೆಗಳು ಎಡವುವುದು. "ಇವತ್ತು ಬರ್ತಾರೆ, ನಾಳೆ ಬರ್ತಾರೆ" ಎಂದು ಕಾಯುತ್ತಾರೆ. "ಠಾಣೆಗೆ ಹೋದರೆ ಮರ್ಯಾದೆ ಹೋಗುತ್ತೆ" ಎಂದು ಹಿರಿಯರು ತಡೆಯುತ್ತಾರೆ. 24 ಗಂಟೆ ಆಗದೆ ದೂರು ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಹೇಳಿರುತ್ತಾರೆ. ಅಂಥ ಕಾನೂನು ಇಲ್ಲ. ಕಾಣೆಯಾದ ಗಂಟೆಯಲ್ಲೇ ದೂರು ಕೊಡಬಹುದು, ಹತ್ತಿರದ ಯಾವ ಠಾಣೆಯಲ್ಲಾದರೂ ಕೊಡಬಹುದು. ಮಕ್ಕಳ ವಿಷಯದಲ್ಲಂತೂ ಸುಪ್ರೀಂ ಕೋರ್ಟ್ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಅಪಹರಣ ಎಂದೇ ಭಾವಿಸಿ ಎಫ್‌ಐಆರ್ ಹಾಕಬೇಕು. ಮೊದಲ ಕೆಲವು ಗಂಟೆಗಳಲ್ಲಿ ಬಸ್ ನಿಲ್ದಾಣದ ಸಿಸಿಟಿವಿ, ಮೊಬೈಲ್ ಟವರ್, ಆಟೋದವರ ನೆನಪು ಎಲ್ಲ ತಾಜಾ ಇರುತ್ತದೆ. ಆ ಹೊತ್ತು ಕಳೆದರೆ ಮತ್ತೆ ಸಿಗುವುದಿಲ್ಲ.

ದಿನಪತ್ರಿಕೆಯ ಮೂಲೆಯಲ್ಲಿ ಬರುವ "ಕಾಣೆಯಾಗಿದ್ದಾರೆ" ಪ್ರಕಟಣೆ ನೀವು ನೋಡಿರುತ್ತೀರಿ. ಎತ್ತರ ಐದೂವರೆ ಅಡಿ, ಕೋಲು ಮುಖ, ಗೋಧಿ ಮೈಬಣ್ಣ, ನೀಲಿ ಅಂಗಿ ಧರಿಸಿದ್ದರು, ಕನ್ನಡ ತೆಲುಗು ಮಾತನಾಡುತ್ತಾರೆ. ಆ ನಾಲ್ಕು ಸಾಲಿನ ತುಣುಕನ್ನು ಕತ್ತರಿಸಿ ಜೋಪಾನವಾಗಿಡಿ. ನಾವು ಹುಡುಕಿದ್ದೇವೆ ಎಂದು ಏಳು ವರ್ಷದ ನಂತರ ಹೇಳುವಾಗ ಅದೂ ಒಂದು ಆಧಾರ.

ಅವತ್ತು ದೂರೇ ಕೊಟ್ಟಿರಲಿಲ್ಲವಾದರೆ? ಇವತ್ತೇ ಹೋಗಿ ಕೊಡಿ. ತಡವಾಗಿದ್ದಕ್ಕೆ ಕಾರಣವನ್ನೂ ಅದರಲ್ಲೇ ಬರೆಯಿರಿ. ದೂರು ಕೊಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿತು ಅಂತೇನೂ ಇಲ್ಲ. ಅವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೊನೆಗೆ ದುಡ್ಡು ತೆಗೆದ ದಿನ, ಕೆಲಸದ ಜಾಗದ ಹಾಜರಿ ಪುಸ್ತಕ, ನೆರೆಹೊರೆಯವರ ಮಾತು ಇವೂ ಕೋರ್ಟಿನಲ್ಲಿ ನಡೆಯುತ್ತವೆ. ಆದರೆ ದಾರಿ ಉದ್ದವಾಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕಬೇಕು. ನನ್ನ ಗಂಡ ಕಾನೂನಿನ ಲೆಕ್ಕದಲ್ಲಿ ತೀರಿಕೊಂಡಿದ್ದಾರೆ ಎಂದು ಘೋಷಿಸಿ ಎಂಬುದೇ ಅದರ ತಿರುಳು. ದೂರಿನ ಪ್ರತಿ, "ಪತ್ತೆಯಾಗಿಲ್ಲ" ಎಂದು ಠಾಣೆಯವರು ಕೊಡುವ ವರದಿ, ಪತ್ರಿಕೆಯ ಪ್ರಕಟಣೆ, ಮದುವೆ ಮತ್ತು ವಂಶವೃಕ್ಷದ ಕಾಗದ ಎಲ್ಲ ಬೇಕು. ಒಂದು ಮಾತು ಮರೆಯಬೇಡಿ. ಬರೀ ಘೋಷಣೆ ಕೇಳಿ ಸುಮ್ನಾಗಬೇಡಿ. ಜನನ ಮರಣ ನೋಂದಣಾಧಿಕಾರಿಯನ್ನೂ ದಾವೆಯಲ್ಲಿ ಸೇರಿಸಿ, ಪ್ರಮಾಣಪತ್ರ ಕೊಡುವಂತೆ ಆದೇಶವನ್ನೂ ಕೇಳಲು ವಕೀಲರಿಗೆ ಹೇಳಿ. ಇಲ್ಲದಿದ್ದರೆ ತೀರ್ಪು ಕೈಯಲ್ಲಿ ಹಿಡಿದು ಮತ್ತೆ ಕಚೇರಿ ಸುತ್ತಬೇಕಾಗಬಹುದು. ಪ್ರಮಾಣಪತ್ರ ಬಂದ ಮೇಲೆ ಪೌತಿ ಖಾತೆ, ಬ್ಯಾಂಕು, ಉಳಿದದ್ದೆಲ್ಲ ಮಾಮೂಲಿ ದಾರಿ.

ವಕೀಲರ ಖರ್ಚಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ. 15100ಕ್ಕೆ ಫೋನ್ ಕೂಡ ಮಾಡಬಹುದು.

ವಿಮೆ ಇದ್ದರೆ ಇದನ್ನು ಎರಡು ಸಲ ಓದಿ. ಏಳು ವರ್ಷದ ನಿಯಮ "ಸತ್ತಿದ್ದಾರೆ" ಎನ್ನುತ್ತದೆಯೇ ಹೊರತು "ಯಾವತ್ತು ಸತ್ತರು" ಎನ್ನುವುದಿಲ್ಲ. 2004ರಲ್ಲಿ ಎಲ್‌ಐಸಿ ಮತ್ತು ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಮನೆ ಬಿಟ್ಟ ದಿನವೇ ಸತ್ತರು ಎಂದು ಹಿಂದಕ್ಕೆ ಹೋಗಿ ಭಾವಿಸುವಂತಿಲ್ಲ. ಇಂಥ ದಿನವೇ ಸತ್ತರು ಎನ್ನುವುದಾದರೆ ಅದಕ್ಕೆ ಬೇರೆ ಸಾಕ್ಷಿ ಬೇಕು. ಹಾಗಾಗಿ "ಮನುಷ್ಯನೇ ಇಲ್ಲ, ಇನ್ನು ಕಂತು ಯಾಕೆ" ಎಂದು ಪ್ರೀಮಿಯಂ ನಿಲ್ಲಿಸಿದವರ ಪಾಲಿಸಿ ರದ್ದಾಗಿರುತ್ತದೆ. ಆಮೇಲೆ ಪೂರ್ತಿ ಹಣ ಕೇಳಿದರೆ ಸಿಗುವುದಿಲ್ಲ. ಕೈ ಕಟ್ಟಿಹೋದ ಮನೆಗೆ ಇದು ತುಂಬಾ ಕಠಿಣ ಮಾತು ಎಂದು ಗೊತ್ತು. ಆದರೂ ಆಗುವುದಾದರೆ ಕಂತು ಕಟ್ಟುತ್ತಾ ಬನ್ನಿ.

ಎಲ್ಲದಕ್ಕೂ ಏಳು ವರ್ಷ ಕಾಯಬೇಕಾ ಎಂದರೆ, ಅದೂ ಇಲ್ಲ. ಕೇಂದ್ರ ಸರ್ಕಾರದ ನೌಕರರು ಕಾಣೆಯಾದರೆ, ದೂರು ದಾಖಲಾಗಿ ಆರು ತಿಂಗಳಾದ ಮೇಲೆ ಮನೆಯವರು ಕುಟುಂಬ ಪಿಂಚಣಿಗೆ ಅರ್ಜಿ ಹಾಕಬಹುದು. ಅವರು ಹಿಂತಿರುಗಿ ಬಂದರೆ ಹಣದ ಲೆಕ್ಕ ಸರಿಮಾಡಿಕೊಳ್ಳಲು ಒಂದು ಬಾಂಡ್ ಬರೆದುಕೊಡಬೇಕು.

ದೊಡ್ಡ ದುರಂತಗಳಲ್ಲೂ ದಾರಿ ಬೇರೆ. 2004ರ ಸುನಾಮಿ ಆದಾಗ, 2013ರ ಜೂನ್‌ನಲ್ಲಿ ಕೇದಾರನಾಥದ ಕಡೆ ಪ್ರವಾಹ ಬಂದಾಗ, ದೇಹ ಸಿಗದವರ ಮನೆಯವರನ್ನು ಏಳು ವರ್ಷ ಕಾಯಿಸಲಿಲ್ಲ. ವಿಚಾರಣೆ ಮಾಡಿ, ಹೆಸರು ಪ್ರಕಟಿಸಿ, ಆಕ್ಷೇಪಣೆಗೆ ಸಮಯ ಕೊಟ್ಟು ಪ್ರಮಾಣಪತ್ರ ಕೊಡುವ ವಿಶೇಷ ಕ್ರಮ ಮಾಡಿದರು. ವಯನಾಡಿನಲ್ಲಿ 2024ರ ಗುಡ್ಡ ಕುಸಿತದ ನಂತರ ಕೇರಳ ಸರ್ಕಾರವೂ ಹೀಗೇ ಮಾಡಿತು.

ನನಗೆ ಈ ವಿಷಯ ಬಂದಾಗಲೆಲ್ಲ ಮಲ್ಪೆ ನೆನಪಾಗುತ್ತದೆ. 2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಎಂಬ ಬೋಟ್ ಮಲ್ಪೆ ಬಂದರಿನಿಂದ ಏಳು ಮೀನುಗಾರರೊಂದಿಗೆ ಹೊರಟಿತು. ಉಡುಪಿ ಜಿಲ್ಲೆಯವರೂ ಇದ್ದರು, ಉತ್ತರ ಕನ್ನಡದವರೂ ಇದ್ದರು. ಎರಡು ದಿನದ ನಂತರ ಮಹಾರಾಷ್ಟ್ರದ ಕಡಲಿನಲ್ಲಿ ಸಂಪರ್ಕ ತಪ್ಪಿತು. ಕರಾವಳಿಯ ಮೀನುಗಾರರೆಲ್ಲ ರಸ್ತೆಗಿಳಿದು ಹುಡುಕಿ ಕೊಡಿ ಎಂದು ಕೇಳಿದರು. 2019ರ ಮೇ ತಿಂಗಳ ಆರಂಭದಲ್ಲಿ, ಮಾಲ್ವಣದಾಚೆ ಸಮುದ್ರದ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಜನ ಸಿಗಲಿಲ್ಲ. ಸುಮಾರು ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ, ಯಾರೋ ಹಿಡಿದಿಟ್ಟುಕೊಂಡಿರಬಹುದು, ಎಲ್ಲೋ ಬದುಕಿರಬಹುದು ಎಂಬ ಮಾತೇ ಊಟದ ಹೊತ್ತಿಗೂ ಇತ್ತು. ಇಂಥ ಕಡೆ ಬೋಟಿನ ಅವಶೇಷವೇ ಒಂದು ಸಾಕ್ಷಿ. ಸಂದರ್ಭವೇ ಸಾವನ್ನು ಹೇಳುತ್ತಿದ್ದರೆ ಏಳು ವರ್ಷ ತುಂಬದೆಯೂ ಕೋರ್ಟಿನಲ್ಲಿ ಸಾಬೀತು ಮಾಡಲು ಅವಕಾಶ ಇದೆ. ಏಳು ವರ್ಷದ ನಿಯಮ ಇರುವುದು ಬೇರೆ ಯಾವ ಸಾಕ್ಷಿಯೂ ಇಲ್ಲದವರಿಗೆ.

ಮರುಮದುವೆಯ ವಿಷಯ ನೀವು ಕೇಳಿಲ್ಲ. ಆದರೆ ಇದೇ ಪರಿಸ್ಥಿತಿಯ ಕೆಲವು ಹೆಣ್ಣುಮಕ್ಕಳು ಕೇಳಲು ಹಿಂಜರಿಯುತ್ತಾರೆ, ಅವರಿಗಾಗಿ ಬರೆಯುತ್ತೇನೆ. ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ, ಗಂಡ ಅಥವಾ ಹೆಂಡತಿ ಬದುಕಿರುವ ಸುದ್ದಿ ಏಳು ವರ್ಷ ಇಲ್ಲದಿದ್ದರೆ ವಿಚ್ಛೇದನ ಪಡೆಯಬಹುದು. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆಯಲ್ಲಿ ಗಂಡನ ಸುಳಿವಿಲ್ಲದೆ ನಾಲ್ಕು ವರ್ಷವಾದರೆ ಮದುವೆ ಬಿಡಿಸಿಕೊಳ್ಳುವ ಹಕ್ಕಿದೆ. ಏಳು ವರ್ಷ ಆಯಿತಲ್ಲ ಎಂದು ಹಾಗೇ ಮದುವೆಯಾದರೆ ಎರಡನೇ ಮದುವೆಯ ಅಪರಾಧದಿಂದ ರಕ್ಷಣೆ ಸಿಗಬಹುದು. ಆದರೆ ಮೊದಲ ಗಂಡ ಬಂದು ನಿಂತರೆ ಆ ಮದುವೆಯ ಸಿಂಧುತ್ವವೇ ಪ್ರಶ್ನೆಯಾಗುತ್ತದೆ. ವಿಚ್ಛೇದನದ ಡಿಕ್ರಿ ಕೈಯಲ್ಲಿದ್ದರೆ ಆ ಭಯ ಇಲ್ಲ.

ನಮ್ಮ ಹಿರಿಯರ ಲೆಕ್ಕ ಬೇರೆಯೇ ಇತ್ತು. ಹನ್ನೆರಡು ವರ್ಷ ಕಾಯುವುದು, ಆಮೇಲೆ ದರ್ಭೆ ಮತ್ತು ಮುತ್ತುಗದ ಎಲೆಯಲ್ಲಿ ಮನುಷ್ಯಾಕಾರ ಮಾಡಿ ಸಂಸ್ಕಾರ ಮಾಡುವುದು ಹಲವು ಮನೆತನಗಳ ಪದ್ಧತಿ. ಕೋರ್ಟಿನ ಏಳಕ್ಕೂ ಮನೆಯ ಹನ್ನೆರಡಕ್ಕೂ ಸಂಬಂಧ ಇಲ್ಲ. ಖಾತೆಗಾಗಿ ಪ್ರಮಾಣಪತ್ರ ತಂದಿರಿ ಎಂದ ಮಾತ್ರಕ್ಕೆ ನೀವು ಕುಂಕುಮ ಅಳಿಸಬೇಕು, ತಿಥಿ ಶುರುಮಾಡಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಅದನ್ನು ಯಾವಾಗ ಮಾಡಬೇಕು, ಮಾಡಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ನೆಂಟರಿಗೆ ಬಿಟ್ಟದ್ದಲ್ಲ.

ಅವರು ಬಂದುಬಿಟ್ಟರೆ ಏನು ಎಂಬ ಪ್ರಶ್ನೆ ಅತ್ತೆಯವರ ಬಾಯಲ್ಲಿ ಬಂದೇ ಬರುತ್ತದೆ. ಕೋರ್ಟ್ ಹೇಳಿದ್ದು ಒಂದು ಊಹೆ. ಮನುಷ್ಯನೇ ಎದುರಿಗೆ ಬಂದರೆ ಆ ಊಹೆ ಬಿದ್ದುಹೋಗುತ್ತದೆ. ತೀರ್ಪನ್ನೂ ಪ್ರಮಾಣಪತ್ರವನ್ನೂ ರದ್ದು ಮಾಡಿಸಬಹುದು. ಪ್ರಾಮಾಣಿಕವಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ತೀರ್ಪು ಪಡೆದಿದ್ದರೆ ನೀವು ತಪ್ಪಿತಸ್ಥರಾಗುವುದಿಲ್ಲ. ಸಿವಿಲ್ ಕೋರ್ಟಿನ ತೀರ್ಪು ಠಾಣೆಯವರಿಗೆ ಹುಡುಕಬೇಡಿ ಎಂದೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಠಾಣೆಗೆ ಹೋಗಿ ಕಡತ ಎಲ್ಲಿಗೆ ಬಂತು ಎಂದು ಕೇಳಿ. ಗುರುತು ಸಿಗದ ದೇಹಗಳ ಪಟ್ಟಿ ನೋಡಬೇಕು ಎಂದೂ ಕೇಳಬಹುದು. ಅದು ಒಬ್ಬರೇ ಮಾಡುವ ಕೆಲಸವಲ್ಲ. ಜೊತೆಗೆ ತಮ್ಮನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ.